ಜಡೆಯಪ್ಪನ ಬಿಳಿ ಟವೆಲ್

ಒಂದು ಕಾಡಿನಲ್ಲಿ ಒಂದು ಲಾರಿ ಇತ್ತು. ನಗಬೇಡಿ ಮಕ್ಕಳೇ, ಇತ್ತು ಅಂದರೆ ಇತ್ತು. ಅದನ್ನು ಓಡಿಸುತ್ತಿದ್ದವನು ಜಡೆಯಪ್ಪ ಅನ್ನೋ ಕರಡಿ. ಏಳು ಗುಡ್ಡ ದಾಟಿ ಸಮುದ್ರದ ದಡಕ್ಕೆ ಹೋಗಿ ಕಾಡಿನ ಪ್ರಾಣಿಗಳಿಗೆಲ್ಲ ಉಪ್ಪು ತರುವುದು ಅವನ ಕೆಲಸ.

ದಾರಿಯಲ್ಲಿ ಒಂದು ದೊಡ್ಡ ಬಂಡೆ, ಅದರ ತುಂಬ ಹೆಜ್ಜೇನು. ಅಲ್ಲಿಗೆ ಬಂದಾಗಲೆಲ್ಲ ಜಡೆಯಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಜೇನುಗಳೆಲ್ಲ ಗುಂಯ್ ಅನ್ನುತ್ತಿದ್ದವು. ಒಂದು ತುಂಡು ಹುಟ್ಟು ಕಿತ್ತು ತಿನ್ನುತ್ತಿದ್ದ, ಮೂಗಿಗೆ ಕಚ್ಚಿಸಿಕೊಳ್ಳುತ್ತಿದ್ದ, ಬೈದುಕೊಂಡು ಹೋಗುತ್ತಿದ್ದ. ಅದೇ ಅವರ ಸ್ನೇಹ.

ಆದರೆ ಲಾರಿ ಕುಡಿಯುತ್ತಿದ್ದದ್ದು ಡೀಸೆಲ್. ಕಪ್ಪು ಹೊಗೆ ಬಂಡೆಗೆ ಬಡಿದು ಬಡಿದು, ಒಂದು ದಿನ ಜೇನುಗಳೆಲ್ಲ ಎದ್ದು ಗುಡ್ಡದಾಚೆ ಹೋಗಿಬಿಟ್ಟವು. "ನಿನ್ನ ಹೊಗೆ ನಿಂತ ದಿನ ಬರ್ತೀವಿ ಅಣ್ಣಾ" ಅಂತ ಹೇಳಿ ಹೋದವು.

ಆಮೇಲೂ ಜಡೆಯಪ್ಪ ಆ ಖಾಲಿ ಬಂಡೆಯ ಮುಂದೆ ಎರಡು ಸಲ ಹಾರ್ನ್ ಹೊಡೆದು ಕಾಯುತ್ತಿದ್ದ. ಬರೀ ಗಾಳಿಯ ಸದ್ದು. ಯಾರೂ ಕಚ್ಚದ ಮೂಗನ್ನು ಸವರಿಕೊಂಡು ಮುಂದೆ ಹೋಗುತ್ತಿದ್ದ.

ಹೇಗಾದರೂ ಹೊಗೆ ನಿಲ್ಲಿಸಬೇಕು ಅಂತ ಹಠ ಹಿಡಿದ. ತನ್ನ ಬಿಳಿ ಟವೆಲ್ಲನ್ನು ಸೈಲೆನ್ಸರಿನ ಬಾಯಿಗೆ ಕಟ್ಟಿ ನೋಡಿದ. ಡೀಸೆಲ್ಲಿಗೆ ಅದು ಕಾಡಿಗೆಯಾಯಿತು. ಕಾಡುಹಂದಿ ಹೊಂಗೆ ಬೀಜದ ಎಣ್ಣೆ ತಂದುಕೊಟ್ಟ. ಕಲೆ ಕಮ್ಮಿಯಾಯಿತು, ಆದರೆ ಕಾಡಿನ ಹೊಂಗೆಕಾಯಿ ಎಲ್ಲ ಉದುರಿಸಿದರೂ ಎಣ್ಣೆ ಎರಡೇ ಗುಡ್ಡಕ್ಕೆ ಮುಗಿಯಿತು. ಆನೆಯಕ್ಕ ತನ್ನ ಲದ್ದಿಯಿಂದ ಗ್ಯಾಸ್ ಮಾಡಿಕೊಟ್ಟಳು. ಅದರ ಪೀಪಾಯಿಗಳನ್ನು ಇಟ್ಟರೆ ಉಪ್ಪಿಗೇ ಜಾಗವಿಲ್ಲ.

"ಉಪ್ಪು ತರೋಕೆ ಹೊರಟ್ಯೋ, ನನ್ನ ಲದ್ದಿ ಮೆರವಣಿಗೆ ಮಾಡೋಕೆ ಹೊರಟ್ಯೋ?" ಅಂತ ಆನೆಯಕ್ಕನೇ ನಕ್ಕಳು.

ಆಗ ನರಿ ಒಂದು ದೊಡ್ಡ ಬ್ಯಾಟರಿಯನ್ನು ದೂಡಿಕೊಂಡು ಬಂದ. "ಜಡೆಯಣ್ಣ, ಇದನ್ನ ಹಾಕು. ಸೈಲೆನ್ಸರೇ ಬೇಡ. ಖಾಲಿಯಾದರೆ ನಾನು ಚಾರ್ಜ್ ಮಾಡಿಕೊಡ್ತೀನಿ. ಪ್ರತಿ ಸಲ ನನಗೊಂದು ಮೂಟೆ ಉಪ್ಪು."

"ಎಲ್ಲಿ ಚಾರ್ಜ್ ಮಾಡ್ತೀಯೋ?"

"ಅದೆಲ್ಲ ನಿನಗ್ಯಾಕೆ? ನಿನ್ನ ಟವೆಲ್ ನೋಡ್ಕೋ ಸಾಕು."

ಬ್ಯಾಟರಿ ಹಾಕಿದ ಮೇಲೆ, ಒಗೆದು ಲಾರಿಯ ಹಿಂದೆ ಕಟ್ಟಿದ ಟವೆಲ್ ಬೆಳ್ಳಗೇ ಉಳಿಯಿತು. ಜಡೆಯಪ್ಪ ಹಿಗ್ಗಿಹೋದ. ಬಂಡೆಯ ಮುಂದೆ ಎರಡು ಸಲ ಹಾರ್ನ್ ಹೊಡೆದ. ಜೇನು ಬರಲಿಲ್ಲ. ಮುಂದಿನ ಸಲವೂ ಬರಲಿಲ್ಲ. ಹೊಂಗೆ ಹೂ ಬಿಟ್ಟಿತು, ಉದುರಿತು. 'ನನ್ನ ಮರೆತೇಬಿಟ್ಟವೇನೋ' ಅಂದುಕೊಂಡ.

ಒಂದು ಮಧ್ಯಾಹ್ನ ಒಂದು ಜೇನು ಕಷ್ಟಪಟ್ಟು ಹಾರಿಬಂದು ಟವೆಲ್ಲಿನ ಮೇಲೆ ಕೂತಿತು.

"ಬಂದ್ಯಾ ತಾಯಿ! ಎಲ್ಲಿ, ಮೂಗಿಗೊಂದು ಕಚ್ಚು ನೋಡೋಣ!"

ಜೇನಿಗೆ ಕಚ್ಚುವ ಶಕ್ತಿಯೇ ಇರಲಿಲ್ಲ. ಅದು ಎದ್ದ ಜಾಗದಲ್ಲಿ ಟವೆಲ್ಲಿನ ಮೇಲೆ ಕಪ್ಪು ಮಸಿ.

"ಅಣ್ಣಾ, ನಿನ್ನ ಹೊಗೆ ನಿಂತಿಲ್ಲ. ನಮ್ಮ ಹಿಂದೆಯೇ ಗುಡ್ಡದಾಚೆಗೆ ಬಂದುಬಿಟ್ಟಿದೆ" ಅಂದಿತು.

ಜಡೆಯಪ್ಪ ಗುಡ್ಡ ಹತ್ತಿ ಓಡಿದ. ಅಲ್ಲಿ ನರಿ ರಾಶಿ ಕಲ್ಲಿದ್ದಲು ಸುಟ್ಟು, ಯಂತ್ರ ತಿರುಗಿಸಿ, ಬ್ಯಾಟರಿ ಚಾರ್ಜ್ ಮಾಡುತ್ತಿದ್ದ. ಹೊಗೆ ನೇರ ಜೇನಿನ ಹೊಸ ಹುಟ್ಟುಗಳಿಗೆ ಹೋಗುತ್ತಿತ್ತು.

"ಮೋಸ ಮಾಡಿದೆಯಲ್ಲೋ ಕಳ್ಳಾ!"

"ಲಾರೀಲಿ ಹೊಗೆ ಇರಲ್ಲ ಅಂದೆ. ಬೇರೆ ಎಲ್ಲೂ ಇರಲ್ಲ ಅಂದ್ನಾ? ನೀನೂ ಒಂದು ಸಲ ಕೇಳಿ ಸುಮ್ಮನಾದೆ!"

ಆ ಮಾತು ಜಡೆಯಪ್ಪನಿಗೆ ನಾಟಿತು. ಬೊಗಸೆ ಬೊಗಸೆ ಮಣ್ಣು ಸುರಿದು ಬೆಂಕಿ ಆರಿಸಿದ. ಹೊಗೆ ಕರಗಿತು. ಮಂಕಾಗಿದ್ದ ಜೇನುಗಳಿಗೆ ಜೀವ ಬಂತು. ಎದ್ದವು ನೋಡಿ! ಕಚ್ಚಿಸಿಕೊಂಡ ನರಿಯ ಮುಖ ಊದಿ ಬೂದುಗುಂಬಳವಾಯಿತು. ಕೂಡಿಟ್ಟ ಉಪ್ಪಿನ ಮೂಟೆಗಳನ್ನೆಲ್ಲ ಬಿಟ್ಟು ಓಡಿಹೋದ.

ಆಮೇಲೆ ಜಡೆಯಪ್ಪ ಅದೇ ಬ್ಯಾಟರಿಯನ್ನು ಜಲಪಾತಕ್ಕೆ ಒಯ್ದ. ಅಲ್ಲಿ ನೀರಿನ ರಭಸಕ್ಕೆ ನೀರುನಾಯಿಗಳ ಕರೆಂಟ್ ಚಕ್ರ ತಿರುಗುತ್ತಿತ್ತು. ಈ ಸಲ ಟವೆಲ್ಲನ್ನು ಚಕ್ರದ ಹತ್ತಿರವೂ ಕಟ್ಟಿ ನೋಡಿದ. ಒದ್ದೆಯಾಯಿತೇ ಹೊರತು ಕಪ್ಪಾಗಲಿಲ್ಲ. ಚಾರ್ಜ್ ಆಗಲು ಅರ್ಧ ದಿನ ಬೇಕಾಯಿತು. "ಉಪ್ಪು ಯಾಕೆ ತಡ?" ಅಂತ ಜಿಂಕೆಗಳು ಗೊಣಗಿದವು. ಗೊಣಗಲಿ ಅಂದ.

ಬಂಡೆಯ ಮುಂದೆ ಎರಡು ಸಲ ಹಾರ್ನ್ ಹೊಡೆದ. ಕಾದ. ಯಾವ ಸದ್ದೂ ಇಲ್ಲ. ನಿಟ್ಟುಸಿರು ಬಿಟ್ಟು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮೂಗಿನ ಮೇಲೆ ಚುರ್ ಅಂತು.

ಕಣ್ಣಲ್ಲಿ ನೀರು ಬಂತು. ಅವತ್ತೊಂದು ದಿನ ಮಾತ್ರ ಜಡೆಯಪ್ಪ ಬೈಯಲಿಲ್ಲ.

ನೀತಿ: ನಮ್ಮ ಬಾಗಿಲಲ್ಲಿ ಹೊಗೆ ಕಾಣದಿದ್ದರೆ ಸಾಲದು, ಅದು ಇನ್ನೊಬ್ಬರ ಮನೆಗೆ ಹೋಯಿತೇನೋ ಅಂತ ಕೊನೆಯವರೆಗೂ ಹೋಗಿ ನೋಡಬೇಕು.