ಮಂದಿಯನ್ನು ಹೊರುವ ಕಂಪ್ಯೂಟರ್

"ಅಪ್ಪಾರೇ, ಮನಸ್ಸು ಹದಕ್ಕ ಬಂತೋ ಇಲ್ಲೋ ಅಂತ ತಿಳಿಯೋದು ಹೆಂಗ್ರಿ?"

ಕೇಳಿದವನು ಗದಿಗೆಯ್ಯ, ಮಠದ ಕಿರಿಯ ಶಿಷ್ಯ. ಶ್ರಾವಣವಿಡೀ ಗುಡ್ಡದ ಗವಿಯಲ್ಲಿ ಒಬ್ಬನೇ ಇದ್ದು ಅಂದು ತಾನೇ ಇಳಿದು ಬಂದಿದ್ದ. ಹೊರಗೆ ದಾಸೋಹದ ಪಂಕ್ತಿ ಕೂತಿತ್ತು. ತಟ್ಟೆಗಳ ಸದ್ದು, ಮಕ್ಕಳ ಅಳು, ಬಡಿಸುವವರ ಕೂಗು ಒಳಕೋಣೆಯವರೆಗೂ ಬರುತ್ತಿತ್ತು. ಅವನು ಮೊದಲು ಬಾಗಿಲು ಹಾಕಿ, ಆಮೇಲೆ ಗುರುಗಳ ಮುಂದೆ ಕೂತು ಈ ಪ್ರಶ್ನೆ ಕೇಳಿದ್ದ.

"ಗವಿಯೊಳಗ ನನ್ನ ಮನಸ್ಸು ಒಮ್ಮೆನೂ ಅಲುಗಾಡಲಿಲ್ರಿ" ಎಂದೂ ಸೇರಿಸಿದ. "ಅಪ್ಪಣೆ ಕೊಟ್ರ ಇನ್ನ ಅಲ್ಲೇ ಇದ್ದುಬಿಡ್ತೀನಿ."

ಗುರುಗಳು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. "ಒಬ್ಬ ಮುದುಕ ಕಂಪ್ಯೂಟರ್ ಕೊಂಡ ಕತಿ ಹೇಳ್ತೀನಿ, ಕೇಳು" ಎಂದರು. ಗದಿಗೆಯ್ಯನಿಗೆ ನಗು ಬಂತು, ತಡೆದುಕೊಂಡ. ಗುರುಗಳು ಹೇಳಿದ ಕತೆ ಇದು.

ಒಬ್ಬ ತೊಗಲುಗೊಂಬೆಯವನಿದ್ದ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಗೊಂಬೆ ಆಡಿಸಿದವರೇ. ಬಿಳಿ ಪರದೆ ಕಟ್ಟುವುದು, ಅದರ ಹಿಂದೆ ದೀಪ ಇಡುವುದು, ದೀಪಕ್ಕೂ ಪರದೆಗೂ ನಡುವೆ ಬಣ್ಣದ ತೊಗಲಿನ ಗೊಂಬೆ ಕುಣಿಸುವುದು, ಇದೇ ಅವರ ಕಸುಬು. ಆಡಿಸುವವನು ಪರದೆಯ ಹಿಂದೆಯೇ ಇರಬೇಕು. ಆಟ ಮುಗಿಯುವ ತನಕ ಮುಂದಕ್ಕೆ ಇಣುಕಬಾರದು. ಜನರ ಮುಖ ಕಂಡರೆ ಕೈ ನಡುಗುತ್ತದೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಮಗ ಅದನ್ನು ಮೀರಲಿಲ್ಲ. ಕೂದಲು ಬೆಳ್ಳಗಾಗುವ ತನಕ ಆಡಿಸಿದ, ಆಟ ನೋಡುತ್ತಿರುವ ಒಂದು ಮುಖವನ್ನೂ ಅವನು ಕಂಡಿರಲಿಲ್ಲ. ನಗು, ಕೆಮ್ಮು, ಮಗುವಿನ ಅಳು, ಇಷ್ಟೇ ಅವನ ಪಾಲಿಗೆ ಪ್ರೇಕ್ಷಕರು.

ವಯಸ್ಸಾಗಿ ಅವನ ಹೆಗಲು ಬಿತ್ತು. ಗೊಂಬೆ ಹಿಡಿದು ಕೈ ಎತ್ತಲು ಆಗದಾಯಿತು. ಕರೆಯುವ ಊರುಗಳೂ ಕಡಿಮೆಯಾಗಿದ್ದವು. ಅವನ ಮನೆತನದಲ್ಲಿ ಇನ್ನೊಂದು ಪದ್ಧತಿ ಇತ್ತು. ಆಡದ ಗೊಂಬೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊಳೆಗೆ ಬಿಡಬೇಕು. ಮುದುಕ ಗೊಂಬೆಗಳನ್ನು ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿದ. ಹೊಳೆಗೆ ಹೊರಡುವ ದಿನವನ್ನು ಮಾತ್ರ ಮುಂದೂಡುತ್ತ ಬಂದ. ಅಜ್ಜ ಕೊರೆದ ಬಿಳಿ ಕುದುರೆಯೊಂದು ಆ ಪೆಟ್ಟಿಗೆಯಲ್ಲಿತ್ತು. ಅದನ್ನು ನೀರಿಗೆ ಬಿಡಲು ಯಾರಿಗೆ ತಾನೇ ಮನಸ್ಸು ಬಂದೀತು?

ಅವನಿಗೊಬ್ಬಳು ಮಗಳು. ಅವಳು ಒಂದು ದಿನ, "ಅಪ್ಪಾ, ಕಂಪ್ಯೂಟರಿನೊಳಗ ಒಂದು ಲೋಕ ಐತಿ. ಅಲ್ಲಿ ಮೈದಾನ ಐತಿ. ಯಾವ್ಯಾವ ಊರಾಗೋ ಕುಂತ ಮಂದಿ ಅಲ್ಲಿ ಬಂದು ಕೂಡ್ತಾರ. ಅಲ್ಲೇ ಪರದೆ ಕಟ್ಟೋಣು" ಎಂದಳು.

ಇಲ್ಲದ ಊರಿನಲ್ಲಿ ಯಾರಿಗೆ ಆಟ ಎಂದು ಮುದುಕ ಗೇಲಿ ಮಾಡಿದ. ಗದಿಗೆಯ್ಯ, ನೀನೂ ಒಳಗೊಳಗೇ ಹಾಗೆ ಅಂದುಕೊಂಡೆ, ನಿನ್ನ ಮುಖವೇ ಹೇಳುತ್ತಿದೆ. ಮಗಳು ಒಂದೊಂದೇ ಗೊಂಬೆಯನ್ನು ದೀಪಕ್ಕೆ ಹಿಡಿದು ಫೋಟೋ ತೆಗೆದಳು. ಕೈ, ಕಾಲು, ಕುತ್ತಿಗೆಯ ಕೀಲುಗಳನ್ನು ಬಿಡಿಸಿ ಆ ಲೋಕದಲ್ಲಿ ಮತ್ತೆ ಜೋಡಿಸಿದಳು. ಅಲ್ಲಿ ಹೆಗಲಿನ ಕೆಲಸವಿಲ್ಲ. ಬೆರಳು ಆಡಿದರೆ ಗೊಂಬೆ ಆಡುತ್ತದೆ. ಮುದುಕನ ಬೆರಳುಗಳು ಇನ್ನೂ ಚುರುಕಾಗಿದ್ದವು.

ಕೊನೆಗೆ ಅವನು ಒಪ್ಪಿದ. ಒಪ್ಪಿದ್ದೂ ಒಂದು ಮಾತಿನ ಮೇಲೆ. ಒಂದೇ ಆಟ ಆಡಿಸುತ್ತೇನೆ. ಮಂಗಳದವರೆಗೆ ನಡೆದರೆ ಗೊಂಬೆಗಳು ಮನೆಯಲ್ಲಿರಲಿ. ನಡುವೆ ಮುರಿದರೆ ಪೆಟ್ಟಿಗೆ ಹೊಳೆಗೆ. ಅಪ್ಪ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ ಎಂದು ಮಗಳಿಗೆ ಗೊತ್ತಿತ್ತು.

ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ಲೋಕ ತೆರೆಯಲೇ ಇಲ್ಲ. ಎಷ್ಟು ಕಾದರೂ ಬೂದು ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ. ಹೊಸದನ್ನು ಆರಿಸಲು ಇಬ್ಬರೂ ಪೇಟೆಯ ಒಬ್ಬ ವ್ಯಾಪಾರಿಯ ಅಂಗಡಿಗೆ ಹೋದರು.

ವ್ಯಾಪಾರಿ ಒಂದು ದೊಡ್ಡ ಮಾನಿಟರ್ ತೋರಿಸಿದ. ಪಕ್ಕದ ಕಂಪ್ಯೂಟರ್ ಡಬ್ಬಿಯ ಮೈತುಂಬ ಬಣ್ಣದ ದೀಪಗಳು ಓಡುತ್ತಿದ್ದವು. ಮಗಳು ಅದರಲ್ಲಿ ಆ ಲೋಕವನ್ನು ತೆರೆದಳು. ಖಾಲಿ ಮೈದಾನ, ನಡುವೆ ಪರದೆ, ಪರದೆಯ ಮೇಲೆ ಬಿಳಿ ಕುದುರೆ. ಅದರ ತೊಗಲಿನೊಳಗಿಂದ ಬೆಳಕು ಬರುತ್ತಿತ್ತು. ಜೀನಿನ ಕೆಂಪು, ಲಗಾಮಿನ ಹಸಿರು, ಅಜ್ಜ ಉಳಿಯಿಂದ ಹೊಡೆದ ಒಂದೊಂದು ತೂತೂ ಕಾಣಿಸಿತು. ಅಲ್ಲಿ ಎಣ್ಣೆಯಿಲ್ಲ, ಬತ್ತಿಯಿಲ್ಲ, ಬೆಳಕು ಮಾತ್ರ ಇದೆ. ಮುದುಕ ಬೆರಗಾದ. ಅಂಗಡಿ ಎಂಬುದನ್ನೂ ಮರೆತು ಚಪ್ಪಲಿ ಬಿಟ್ಟು ಕೈಮುಗಿದ. ಬೆರಳು ಆಡಿಸಿ ನೋಡಿದ. ಕುದುರೆ ನೀರು ಹರಿದಷ್ಟು ಸಲೀಸಾಗಿ ಕುಣಿಯಿತು.

ವ್ಯಾಪಾರಿ ಕೆಟ್ಟವನಲ್ಲ. "ಅಜ್ಜಾರ, ಆಟಕ್ಕ ಮಂದಿ ಎಷ್ಟು ಕೂಡ್ತಾರ್ರಿ? ಒಮ್ಮೆ ಗದ್ದಲ ಇರೋ ಜಾಗಕ್ಕ ಹೋಗಿ ನೋಡ್ರಿ" ಎಂದ.

"ಮಂದಿ ಲೆಕ್ಕ ನನಗ್ಯಾಕೋ ತಮ್ಮಾ? ನಾ ಪರದೆ ಹಿಂದ ಇರಾಂವ. ನನ್ನ ಗೊಂಬಿ ನೆಟ್ಟಗ ಕುಣದ್ರ ಸಾಕು."

ಮಗಳು ಏನೋ ಹೇಳಹೋದಳು. ಮುದುಕನ ಕಣ್ಣು ಕುದುರೆಯ ಮೇಲಿತ್ತು, ಕಿವಿ ಎಲ್ಲಿತ್ತೋ ಏನೋ. ಅದೇ ಕಂಪ್ಯೂಟರ್ ಮನೆಗೆ ಬಂತು. ಅವನು ದಿನವೂ ಖಾಲಿ ಮೈದಾನದಲ್ಲಿ ತಾಲೀಮು ಮಾಡಿದ. ಕುದುರೆ ಒಮ್ಮೆಯೂ ತಡವರಿಸಲಿಲ್ಲ. ಇಂಥ ಯಂತ್ರ ಊರಲ್ಲೇ ಇಲ್ಲ ಎಂದು ಕಂಡವರ ಮುಂದೆಲ್ಲ ಹೊಗಳಿಕೊಂಡ.

ಆಟದ ದಿನ ಬಂತು. ತುಂಬಿ ಹರಿಯುವ ಹಳ್ಳದ ಆಚೆ ರಾಜನ ಎಳೆಗೂಸು ಸಿಕ್ಕಿಬಿದ್ದಿದೆ. ರಾಜ ಕುದುರೆಯೇರಿ ಹಳ್ಳ ಹಾರಬೇಕು. ಅದೇ ಅಂದಿನ ಪ್ರಸಂಗ. ಮುದುಕ ಹಾಡು ಎತ್ತಿಕೊಂಡ. ಮೈದಾನಕ್ಕೆ ಜನ ಬರತೊಡಗಿದರು. ಒಬ್ಬೊಬ್ಬರು ಬಂದ ಹಾಗೆಲ್ಲ ಕುದುರೆಯ ನಡಿಗೆ ತಡವಾಯಿತು. ಮುದುಕ ಬೆರಳು ಒತ್ತಿದ ಎಷ್ಟೋ ಹೊತ್ತಿನ ಮೇಲೆ ಅದರ ಕಾಲು ಏಳುತ್ತಿತ್ತು. ಹಳ್ಳದ ದಂಡೆಗೆ ಬಂದು, ಹಾರಲು ಮುಂಗಾಲು ಎತ್ತಿದ್ದೇ ತಡ, ಕುದುರೆ ನಿಂತುಬಿಟ್ಟಿತು. ಕಂಪ್ಯೂಟರ್ ಗುಂಯ್ ಎಂದು ಸದ್ದು ಮಾಡಿತು, ಬಿಸಿಯಾಯಿತು, ಮತ್ತೆ ಅಲುಗಾಡಲಿಲ್ಲ. ಡಬ್ಬಿಯ ಮೇಲಿನ ಬಣ್ಣದ ದೀಪಗಳು ಮಾತ್ರ ಓಡುತ್ತಲೇ ಇದ್ದವು.

ಮುದುಕ ಹಾಡು ನಿಲ್ಲಿಸಿದ. ಎದ್ದು ಹೋಗಿ ಗೊಂಬೆಯ ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಎಳೆದ. ಹೆಗಲು ಬಿದ್ದವನ ಕೈಗೆ ಅದು ಗೇಣು ಗೇಣಾಗಿ ಸರಿಯಿತು.

ಅವಳು ತನ್ನ ಮೊಬೈಲಿನಲ್ಲಿ ಆ ಮೈದಾನದವರು ಬರೆಯುತ್ತಿದ್ದುದನ್ನು ನೋಡಿದಳು. ಓಡಿ ಬಂದು ಪೆಟ್ಟಿಗೆಯ ಮೇಲೆ ಕೂತಳು. "ಅಪ್ಪಾ, ಆಟ ನಿಂತೈತಿ, ಮುರಿದಿಲ್ಲ. ಮಂದಿ ಯಾರೂ ಎದ್ದಿಲ್ಲ. ಕುದುರಿ ಹಂಗ ಇರ್ಲಿ, ನಾಳೆ ಬರ್ತೀವಿ ಅಂತ ಬರದಾರ."

ಆ ಲೋಕದ ರೀತಿ ಹಾಗೆ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ನಮ್ಮ ಯಂತ್ರ ಕೆಟ್ಟರೂ ಆ ಊರು ಮುಚ್ಚುವುದಿಲ್ಲ. ಅಂದು ರಾತ್ರಿಯಿಡೀ ಮೈದಾನದಲ್ಲಿ ಆ ಕುದುರೆ ಕಾಲೆತ್ತಿಕೊಂಡೇ ನಿಂತಿತು. ಜನ ಬಂದು ನೋಡಿ ಹೋದರು. ಹಳ್ಳದ ಆಚೆಯ ಕೂಸು ಇನ್ನೂ ಅಳುತ್ತಿದೆಯೋ ಏನೋ ಎಂದು ಯಾರೋ ಮರುಗಿದರಂತೆ. ತನ್ನ ಆಟ ನಿಂತಲ್ಲೇ ಜನ ಕಾಯುತ್ತಿದ್ದಾರೆ ಎಂಬುದನ್ನು ಕೇಳಿ ಮುದುಕ ಪೆಟ್ಟಿಗೆಯ ಕೊಂಡಿಯನ್ನು ಕೈಬಿಟ್ಟ. ಜೀವಮಾನದಲ್ಲಿ ತನಗಾಗಿ ಯಾರಾದರೂ ಹಾಗೆ ಕಾದದ್ದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಇಬ್ಬರೂ ಮತ್ತೆ ಅಂಗಡಿಗೆ ಹೋದರು. ಮುದುಕ ಪೆಚ್ಚಾಗಿದ್ದ. ವ್ಯಾಪಾರಿ ನಾನು ಮೊದಲೇ ಹೇಳಿರಲಿಲ್ಲವೇ ಎಂದು ಚುಚ್ಚಬಹುದಿತ್ತು, ಚುಚ್ಚಲಿಲ್ಲ. ವಿವರಿಸಿ ಹೇಳಿದ. ಕಂಪ್ಯೂಟರಿಗೆ ಗೊಂಬೆ ಭಾರವಲ್ಲ. ಖಾಲಿ ಮೈದಾನವೂ ಭಾರವಲ್ಲ. ಬಂದ ಪ್ರತಿಯೊಬ್ಬರನ್ನೂ ಅದು ಮೊದಲಿಂದ ಚಿತ್ರವಾಗಿ ಬರೆಯಬೇಕು. ಅವರ ತಲೆಗೂದಲು, ಸೀರೆಯ ಅಂಚು, ಕಿವಿಯ ಓಲೆ, ನೆರಳು, ಅವರು ಅಲುಗಿದ ಹಾಗೆಲ್ಲ ಮತ್ತೊಮ್ಮೆ ಬರೆಯಬೇಕು. ಅದಕ್ಕೆ ಮೆಮೊರಿ ಹೆಚ್ಚು ಬೇಕು, ಪ್ರೊಸೆಸರ್ ಗಟ್ಟಿಯಿರಬೇಕು, ಗ್ರಾಫಿಕ್ಸ್ ಕಾರ್ಡಿಗೆ ತ್ರಾಣ ಇರಬೇಕು. ಹೊರಗಿನ ದೀಪ ಎಷ್ಟು ಮಿನುಗಿದರೂ ಆ ಕೆಲಸ ಆಗುವುದಿಲ್ಲ.

"ಹಂಗಾದ್ರ ಮಂದೀನ ಹೊರೋದು ಕೊಡಪ್ಪಾ" ಎಂದ ಮುದುಕ.

ವ್ಯಾಪಾರಿ ಮೂಲೆಯಿಂದ ಒಂದು ಕರಿಯ ಡಬ್ಬಿ ತಂದ. ಅದರಲ್ಲಿ ಒಂದು ಬಣ್ಣವೂ ಇಲ್ಲ. ಮಾನಿಟರ್ ಮೊದಲಿನದಕ್ಕಿಂತ ಚಿಕ್ಕದು. ಈ ಸಲ ಮುದುಕ ತನ್ನ ಕುದುರೆಯನ್ನು ತೋರಿಸು ಎನ್ನಲಿಲ್ಲ. ಆ ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲ ಇರುವ ಬಜಾರಿಗೆ ಕರೆದುಕೊಂಡು ಹೋಗು ಎಂದ. ಮಗಳು ಕರೆದೊಯ್ದಳು. ಮೈಗೆ ಮೈ ತಾಗುವಷ್ಟು ಜನ. ಮುದುಕ ಅವರ ನಡುವೆ ಬೇಕೆಂದೇ ನಿಂತ, ತಿರುಗಿದ, ನಡೆದ. ಕರಿಯ ಡಬ್ಬಿಯ ಒಳಗೆ ಫ್ಯಾನ್ ಜೋರಾಗಿ ತಿರುಗಿತು. ಯಾರೊಬ್ಬರೂ ನಿಲ್ಲಲಿಲ್ಲ. ಮಾರುವವರು ಮಾರುತ್ತಲೇ ಇದ್ದರು, ಕುಣಿಯುವವರು ಕುಣಿಯುತ್ತಲೇ ಇದ್ದರು. ಇದೇ ಇರಲಿ ಎಂದ ಮುದುಕ. ವ್ಯಾಪಾರಿ ಮೊದಲಿನದನ್ನು ವಾಪಸು ತೆಗೆದುಕೊಂಡ.

ಅಂದೇ ಸಂಜೆ ಮೈದಾನ ತುಂಬಿತು. ಹಿಂದಿನ ದಿನ ಬಂದವರು ತಮ್ಮವರನ್ನೂ ಕರೆತಂದಿದ್ದರು. ಕುದುರೆ ಇನ್ನೂ ಕಾಲೆತ್ತಿಕೊಂಡೇ ಇತ್ತು. ಮುದುಕ ಬಿಟ್ಟ ಸಾಲಿನಿಂದಲೇ ಹಾಡು ಎತ್ತಿದ. ಬೆರಳು ಆಡಿಸಬೇಕು, ಅಷ್ಟರಲ್ಲಿ ಅವನಿಗೆ ಏನನ್ನಿಸಿತೋ, "ಮಗಳಾ, ಈ ಲೋಕದಾಗ ಪರದೆ ಮುಂದ ಹೋಗಿ ನೋಡಾಕ ಬರ್ತದೇನು?" ಎಂದು ಮೆಲ್ಲಗೆ ಕೇಳಿದ.

ಅಲ್ಲಿ ಕಣ್ಣನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಗಳು ನೋಟವನ್ನು ತಿರುಗಿಸಿದಳು.

ಮುದುಕ ಕಂಡ. ಗದಿಗೆಯ್ಯ, ಇದನ್ನು ಅವನೇ ಇಲ್ಲೇ, ನಮ್ಮ ದಾಸೋಹದ ಪಂಕ್ತಿಯಲ್ಲಿ ಕೂತು ನನಗೆ ಹೇಳಿದ. ಮೈದಾನದ ಅಂಚಿನವರೆಗೆ ಮುಖಗಳು. ಆ ಲೋಕದಲ್ಲಿ ಜನ ತಮಗೆ ಬೇಕಾದ ಮೈ ತೊಟ್ಟು ಬರುತ್ತಾರೆ. ಒಬ್ಬ ಕೊಕ್ಕರೆಯ ತಲೆ ಇಟ್ಟುಕೊಂಡು ಬಂದಿದ್ದ. ಒಬ್ಬಳು ಹೂ ಬಿಟ್ಟ ಮರವಾಗಿ ನಿಂತಿದ್ದಳು. ಯಾರೋ ಮುದುಕರು ಹುಡುಗರಾಗಿ ಬಂದಿದ್ದರು. ಒಬ್ಬೊಬ್ಬರ ಹಿಂದೆಯೂ ಯಾವುದೋ ಊರಿನ ಯಾವುದೋ ಮನೆಯಲ್ಲಿ ಒಂದು ನಿಜವಾದ ಜೀವ ಉಸಿರು ಹಿಡಿದು ಕೂತಿದೆ. ಅಷ್ಟೂ ಮುಖಗಳು ಅವನ ಅಜ್ಜನ ಕುದುರೆಯನ್ನೇ ನೋಡುತ್ತಿದ್ದವು. ಅಪ್ಪ ಹೇಳಿದ್ದ ಹಾಗೆಯೇ ಕೈ ನಡುಗಿತು. ನಡುಗುವ ಕೈಯಲ್ಲೇ ಬೆರಳು ಒತ್ತಿದ.

ಕುದುರೆ ಹಳ್ಳ ಹಾರಿತು. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಆಚೆ ದಂಡೆಯಲ್ಲಿ ರಾಜ ಕೂಸನ್ನು ಎತ್ತಿಕೊಂಡಾಗ ಮುದುಕ ಅಳುತ್ತಿದ್ದ, ಹಾಡುತ್ತಲೂ ಇದ್ದ. ಆಟ ಮಂಗಳದವರೆಗೆ ನಡೆಯಿತು. ಪೆಟ್ಟಿಗೆ ಹೊಳೆಗೆ ಹೋಗಲಿಲ್ಲ. ಅವನು ನನಗೆ ಕೊನೆಗೆ ಹೇಳಿದ್ದು ಇಷ್ಟೇ, "ಅಪ್ಪಾರ, ನಾ ಇಷ್ಟು ವರ್ಷ ಆಡಿಸಿದ್ದು ಇವರಿಗೇನ್ರಿ?"

ಗುರುಗಳು ಕತೆ ನಿಲ್ಲಿಸಿದರು. ಮುಚ್ಚಿದ ಬಾಗಿಲಿನ ಆಚೆ ಪಂಕ್ತಿಯ ಗದ್ದಲ ಇನ್ನೂ ಕೇಳಿಸುತ್ತಿತ್ತು. ಯಾರೋ ಅನ್ನಕ್ಕೆ ಕೂಗುತ್ತಿದ್ದರು.

"ಹಂಗಾದ್ರ ನಾ ಗವಿಗೆ ಹೋಗ್ಲೋ ಬ್ಯಾಡೋ, ಅಪ್ಪಾರೇ?" ಎಂದು ಗದಿಗೆಯ್ಯ ಕೇಳಿದ.

"ಹೋಗುವಿಯಂತ," ಎಂದರು ಗುರುಗಳು, "ಮೊದಲು ಆ ಬಾಗಿಲು ತಗಿ."