ಬೂದ ಕಾಲೆತ್ತಿದ ಕಥೆ

ಭೂಮಿಯ ಮೇಲೆ ಹಾದಿಗಳು ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಆಗಷ್ಟೇ ಎದ್ದು ಕೂತು ಮೈ ಮುರಿಯುತ್ತಿದ್ದವು. ಯಾವ ಕಡೆ ಹರಿಯೋದು ಅಂತ ಹಳ್ಳಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಮರ, ಹಕ್ಕಿ, ಮೃಗ, ಮನುಷ್ಯ, ಎಲ್ಲರಿಗೂ ಒಂದೇ ಮಾತು ಬರುತ್ತಿತ್ತು.

ಆಗ ಯಾವ ಜಾಗ ಯಾರದು ಅಂತ ಸಾರಿ ಹೇಳುವ ಕೆಲಸ ಗಾಳಿಯದು. ಗಾಳಿಗೆ ಕಣ್ಣಿಲ್ಲ. ಮೂಗು ಮಾತ್ರ ಬಲು ಚುರುಕು. ದಿನಾ ಬೆಳಗ್ಗೆ ಅದು ಮರದಿಂದ ಮರಕ್ಕೆ, ಬಂಡೆಯಿಂದ ಬಂಡೆಗೆ ಮೂಸುತ್ತಾ ಹೋಗುತ್ತಿತ್ತು. ಹಂದಿ ಮೈ ಉಜ್ಜಿದ ಮರ ಸಿಕ್ಕರೆ "ಇದು ಹಂದಿಯದೋ!" ಅಂತ ಕೂಗುತ್ತಿತ್ತು. ಕರಡಿ ಬೆನ್ನು ತುರಿಸಿಕೊಂಡ ಬಂಡೆ ಸಿಕ್ಕರೆ "ಇದು ಕರಡಿಯದೋ!" ಅಂತ ಕೂಗುತ್ತಿತ್ತು. ಗಾಳಿ ಕೂಗಿದರೆ ಮುಗೀತು. ಅದಕ್ಕೆ ಎದುರು ಮಾತಿಲ್ಲ.

ಕಲ್ಲುಗುಡ್ಡದ ಬುಡದಲ್ಲಿ ಕಾಟವ್ವ ಅನ್ನೋ ಹೆಂಗಸು ಇದ್ದಳು. ಎತ್ತರದ ಆಳು, ನೆಟ್ಟಗಿನ ಕತ್ತು. ನವಣೆ ಬೆಳೆದು ಉಣ್ಣುತ್ತಿದ್ದಳು. ಅವಳ ಜೊತೆ ಬೂದ ಅನ್ನೋ ನಾಯಿ ಇತ್ತು. ಮೈ ಬೂದಿಯ ಬಣ್ಣ. ಬಾಲ ಮಾತ್ರ ಕುಡುಗೋಲಿನ ಹಾಗೆ ಬಾಗಿ ಬೆನ್ನಿನ ಮೇಲೆ ಕೂತಿತ್ತು.

ಗುಡಿಸಲಿನಿಂದ ಹಳ್ಳಕ್ಕೆ ಒಂದೇ ಹಾದಿ. ಹಾದಿಯ ಉದ್ದಕ್ಕೂ ಹದಿನೇಳು ಮರ. ದಿನಾ ಬೆಳಗ್ಗೆ ಕಾಟವ್ವ ಕೊಡ ಎತ್ತಿಕೊಂಡು ನೀರಿಗೆ ಹೊರಡುತ್ತಿದ್ದಳು. ಬೂದ ಯಾತಕ್ಕೆ ಹೊರಡುತ್ತಿತ್ತು? ಯಾತಕ್ಕೂ ಇಲ್ಲ. ಸುಮ್ಮನೆ ನಡೆಯುವುದಕ್ಕೆ. ಕಾಟವ್ವ ಕೊಡ ಮುಟ್ಟಿದರೆ ಸಾಕು, ಅದು ಬಾಗಿಲಿಗೂ ಒಲೆಗೂ ನಡುವೆ ಏಳು ಸಲ ಓಡಿ, ಎಂಟನೇ ಸಲ ಅವಳನ್ನೇ ಎಡವಿಸಿ ಬೀಳಿಸುತ್ತಿತ್ತು.

ಹಾದಿಯಲ್ಲಿ ಅದರ ಆಟ ನೋಡಬೇಕು. ಒಂದು ದಿನ ಪೊದೆಗೆ ನುಗ್ಗಿ, ಮೈತುಂಬ ಉತ್ತರಾಣಿ ಮುಳ್ಳು ಅಂಟಿಸಿಕೊಂಡು, ಮುಳ್ಳುಹಂದಿಯಾಗಿ ಹೊರಗೆ ಬಂತು. ಇನ್ನೊಂದು ದಿನ ಗೌಜಲಕ್ಕಿಯನ್ನು ಅಟ್ಟಿಸಿಕೊಂಡು ಹೋಯಿತು. ಹಕ್ಕಿ ತಿರುಗಿ ನಿಂತು "ಏನೋ?" ಅಂದಿದ್ದೇ ತಡ, ಓಡಿ ಬಂದು ಕಾಟವ್ವನ ಸೀರೆಯೊಳಗೆ ಅಡಗಿತು. ಮತ್ತೊಂದು ದಿನ ತನಗಿಂತ ಮೂರು ಪಟ್ಟು ಉದ್ದದ ಕೋಲು ಕಚ್ಚಿಕೊಂಡು ಎರಡು ಮರಗಳ ನಡುವೆ ಹೋಗಿ ಸಿಕ್ಕಿಹಾಕಿಕೊಂಡಿತು. ಕೋಲು ಬಿಡಲೊಲ್ಲದು, ಮುಂದೆ ಹೋಗಲಾರದು.

"ಕೋಲು ಬಿಡೋ ಬೂದ," ಅಂದಳು ಕಾಟವ್ವ.

"ಮರಗಳಿಗೇ ಸರೀರಿ ಅಂತ ಹೇಳವ್ವ," ಅಂದಿತು ಬೂದ, ಹಲ್ಲು ಕಚ್ಚಿಕೊಂಡೇ.

ಹಳ್ಳದಲ್ಲಿ ಮಿಂದು ಬಂದು ಸರಿಯಾಗಿ ಅವಳ ಪಕ್ಕದಲ್ಲೇ ಮೈ ಕೊಡವುತ್ತಿತ್ತು. ಕಾಟವ್ವ ಬೈಯುತ್ತಿದ್ದಳು. ಬೈಯುತ್ತಾ ನಗುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಕಲ್ಲುಗುಡ್ಡದ ಮೇಲಿಂದ ಚಿರತೆ ಇಳಿದು ಬಂತು. ಮೊದಲನೇ ಮರದ ಹತ್ತಿರ ನಿಂತಿತು. ಉಗುರಿನಿಂದ ತೊಗಟೆ ಗೀರಿತು. ಬಾಲ ಎತ್ತಿ, ಮರದ ಮೇಲೆ ಎತ್ತರಕ್ಕೆ ಉಚ್ಚೆ ಚಿಮ್ಮಿಸಿತು. ಆಮೇಲೆ ಎರಡನೇ ಮರ. ಆಮೇಲೆ ಮೂರನೇ ಮರ. ಹೊತ್ತು ಮುಳುಗುವುದರೊಳಗೆ ಹದಿನೇಳೂ ಮರ ಮುಗಿಸಿತು.

ಮಾರನೇ ಬೆಳಗ್ಗೆ ಗಾಳಿ ಬಂತು. ಮೂಸಿತು. ಕೂಗಿತು.

"ಇದು ಚಿರತೆಯದೋ! ಇದೂ ಚಿರತೆಯದೋ! ಇದೂ ಚಿರತೆಯದೋ!"

ಚಿರತೆ ಹಾದಿಯ ನಡುವೆ ಕೂತು ಮೀಸೆ ನೆಕ್ಕಿಕೊಂಡಿತು. "ಎಲ್ಲರೂ ಕೇಳಿಸಿಕೊಂಡಿರಲ್ಲ? ಇನ್ನು ಮೇಲೆ ನನ್ನ ಹಾದಿಯಲ್ಲಿ ನಡೆಯುವವರು ತಲೆ ತಗ್ಗಿಸಿ ನಡೀಬೇಕು. ಬಾಲ ಇದ್ದವರು ಬಾಲ ಮುದುರಿ ನಡೀಬೇಕು."

ಮೊಲ ತಲೆ ತಗ್ಗಿಸಿತು. ನರಿ ಬಾಲ ಮುದುರಿತು. ಜಿಂಕೆ ಕೊಂಬು ನೆಲಕ್ಕೆ ತಾಗುವ ಹಾಗೆ ಬಗ್ಗಿತು. ನವಿಲು ಅಷ್ಟುದ್ದ ಬಾಲ ಎಲ್ಲಿ ಮುದುರೋದು ಅಂತ ತಿಳಿಯದೆ ಅಳುತ್ತಾ ಕೂತಿತು.

ಕಾಟವ್ವ ಯೋಚಿಸಿದಳು. ನೀರು ಬೇಕೇ ಬೇಕು. ಚಿರತೆಯ ಹಲ್ಲು ಉದ್ದ. ಒಂದಿಷ್ಟು ಬಗ್ಗಿದರೆ ಸೊಂಟವೇನು ಮುರಿಯುವುದಿಲ್ಲವಲ್ಲ.

"ಬಾರೋ ಬೂದ. ಬಾಲ ಕೆಳಗೆ ಮಾಡು," ಅಂದಳು.

ಬೂದ ಬಾಲ ಕೆಳಗೆ ಮಾಡಿತು. ಬಾಲ ಮೇಲೆ ಬಂತು.

ಕಾಟವ್ವ ಬಳ್ಳಿ ತಂದು ಬಾಲವನ್ನು ಕಾಲಿಗೆ ಬಿಗಿದು ಕಟ್ಟಿದಳು. ಬೂದ ಒಂದು ಹೆಜ್ಜೆ ಇಟ್ಟಿತು. ಬಾಲ ಮೇಲೆ ಬಂತು, ಜೊತೆಗೆ ಕಾಲೂ ಮೇಲೆ ಬಂತು. ಬೂದ ಮೂತಿ ಅಡಿಯಾಗಿ ಬಿತ್ತು.

ಕಾಟವ್ವ ಬಳ್ಳಿ ಬಿಚ್ಚಿ, ಬಾಲದ ತುದಿಗೆ ಒಂದು ಕಲ್ಲು ಕಟ್ಟಿದಳು. ಈ ಸಲ ಬಾಲ ಇಳಿಯಿತು. ನೆಟ್ಟಗೆ ನೆಲ ಮುಟ್ಟಿತು. ಇಬ್ಬರೂ ತಲೆ ತಗ್ಗಿಸಿಕೊಂಡು ಹೊರಟರು. ಬೂದ ಪೊದೆಗೆ ನುಗ್ಗಲಿಲ್ಲ. ಕೋಲು ಕಚ್ಚಲಿಲ್ಲ. ಗೌಜಲಕ್ಕಿ ತಾನಾಗಿ ಎದುರು ಬಂದು ನಿಂತರೂ ಕಣ್ಣೆತ್ತಿ ನೋಡಲಿಲ್ಲ. ಹಾದಿಯ ಮೇಲೆ ಅಷ್ಟು ಸಪ್ಪೆಯಾದ ನಡಿಗೆ ಅದೇ ಮೊದಲು.

ಹಳ್ಳ ಕೇಳಿತು, "ಯಾಕೆ ಕಾಟವ್ವ, ಏನಾದರೂ ಕಳಕೊಂಡೆಯಾ? ನೆಲದಲ್ಲಿ ಹುಡುಕ್ತಾ ಇದೀಯ?"

ಕಾಟವ್ವ ಹಳ್ಳದಲ್ಲಿ ಕೊಡ ಮುಳುಗಿಸಿದಳು. ನೀರು ತುಂಬಿ ಕೊಡ ತಲೆ ಮೇಲೆ ಇಟ್ಟುಕೊಂಡಳು. ಆಗ ಅವಳಿಗೆ ಗೊತ್ತಾಯಿತು. ತಲೆಯ ಮೇಲೆ ಕೊಡ ಹೊತ್ತವಳು ತಲೆ ತಗ್ಗಿಸುವುದು ಹೇಗೆ?

ಚಿರತೆ ಮುಂದೆ ಬಂದು ನಿಂತಿತು. "ತಲೆ ತಗ್ಗಿಸು."

"ತಗ್ಗಿಸಿದರೆ ಕೊಡ ಬೀಳುತ್ತಪ್ಪ."

"ಬೀಳಲಿ."

ಕಾಟವ್ವ ತಗ್ಗಿಸಿದಳು. ಕೊಡ ಬಿತ್ತು. ಒಡೆದು ಮೂರು ಚೂರಾಯಿತು. ನೀರೆಲ್ಲ ಹಾದಿಯ ಮಣ್ಣು ಕುಡಿಯಿತು.

ಬೂದನಿಗೆ ತಡೆಯಲಾಗಲಿಲ್ಲ. "ಬೌ!" ಅಂದಿತು. ಬೌ ಅಂದ ರಭಸಕ್ಕೆ ಬಾಲ ಚಂಗನೆ ಮೇಲೆದ್ದಿತು. ತುದಿಯಲ್ಲಿದ್ದ ಕಲ್ಲು ಬಿಚ್ಚಿಕೊಂಡು ಹಾರಿ, ನೇರವಾಗಿ ಚಿರತೆಯ ಮೂಗಿಗೆ ಬಡಿಯಿತು.

ಮೊಲ ನಗಲು ಹೋಗಿ ಬಾಯಿ ಮುಚ್ಚಿಕೊಂಡಿತು.

ಚಿರತೆ ಮೂಗು ಹಿಡಿದುಕೊಂಡೇ ಹೇಳಿತು, "ಕಾಟವ್ವ, ನಾಳೆ ಈ ಬಾಲ ಕೆಳಗಿರಬೇಕು. ಇಲ್ಲದಿದ್ದರೆ ಬಾಲ ನಿನ್ನ ಕೈಗೆ, ನಾಯಿ ನನ್ನ ಹೊಟ್ಟೆಗೆ."

ಮನೆಗೆ ಬಂದು ಕಾಟವ್ವ ಹೊಸ್ತಿಲ ಮೇಲೆ ಕೂತಳು. ಕತ್ತು ನೋಯುತ್ತಿತ್ತು. ಕತ್ತಿಗಿಂತ ಒಳಗೆ ಎಲ್ಲೋ ಹೆಚ್ಚು ನೋಯುತ್ತಿತ್ತು. ಬೂದ ಬಂದು ಅವಳ ಕಾಲ ಮೇಲೆ ಗದ್ದ ಇಟ್ಟು ಮಲಗಿತು.

"ನಾಳೆಯಿಂದ ನೀನು ಮನೇಲಿರು ಕಣೋ," ಅಂದಳು. "ನಾನೊಬ್ಬಳೇ ಬಗ್ಗಿಕೊಂಡು ಹೋಗಿ ಬರ್ತೀನಿ."

"ಕೊಡ?"

"ಇನ್ನೊಂದು ಇದೆಯಲ್ಲ. ಸೊಂಟದ ಮೇಲೆ ಇಟ್ಕೋತೀನಿ."

"ನಡಿಗೆ?" ಅಂದಿತು ಬೂದ.

ಕಾಟವ್ವ ಬೂದನ ಕಿವಿ ಸವರುತ್ತಾ ಕೂತಳು.

ಬೂದ ತಲೆ ಎತ್ತಿ ಕೇಳಿತು. "ಅವ್ವ, ಹಾದಿ ಚಿರತೆಯದು ಅಂತ ಹೇಳಿದ್ದು ಯಾರು?"

"ಗಾಳಿ."

"ಗಾಳಿಗೆ ಹೇಳಿದ್ದು ಯಾರು?"

"ಯಾರು ಹೇಳ್ತಾರೆ? ಮರದ ಮೇಲಿನ ಉಚ್ಚೆ ವಾಸನೆ."

"ಅಷ್ಟೇನಾ?" ಅಂದಿತು ಬೂದ. "ಬರೀ ಉಚ್ಚೆನಾ?"

ಕಾಟವ್ವನ ಕೈ ನಿಂತಿತು. ಅವಳು ಬೂದನ ಮುಖ ನೋಡಿದಳು. ಬೂದ ಅವಳ ಮುಖ ನೋಡಿತು. ಆಮೇಲೆ ಬೂದ ಎದ್ದು ಒಳಗೆ ಹೋಗಿ, ಗುಡಾಣದಲ್ಲಿ ಉಳಿದಿದ್ದ ನೀರನ್ನೆಲ್ಲ ತಳ ಕಾಣುವವರೆಗೆ ಕುಡಿಯಿತು.

ಬೆಳಗಾಯಿತು. ಕಾಟವ್ವ ಖಾಲಿ ಕೊಡವನ್ನು ತಲೆಯ ಮೇಲೇ ಇಟ್ಟುಕೊಂಡಳು. ಕತ್ತು ನೆಟ್ಟಗೆ ಮಾಡಿದಳು. ಬೂದನ ಹೊಟ್ಟೆ ತಮಟೆಯ ಹಾಗೆ ಉಬ್ಬಿತ್ತು. ಬಾಲ ಬೆನ್ನಿನ ಮೇಲಿತ್ತು. ಪೊದೆಗಳ ಹಿಂದೆ ಪ್ರಾಣಿಗಳೆಲ್ಲ ಉಸಿರು ಬಿಗಿಹಿಡಿದು ನೋಡಿದವು.

ಮೊದಲನೇ ಮರ ಬಂತು. ಆ ಕಾಲದಲ್ಲಿ ನಾಯಿಗಳೆಲ್ಲ ಕೂತುಕೊಂಡೇ ಉಚ್ಚೆ ಹೊಯ್ಯುತ್ತಿದ್ದವು. ಬೂದನೂ ಕೂತು ಹೊಯ್ದಿತು. ಗಾಳಿ ಬಂದು ಮೂಸಿತು.

"ಕೆಳಗೆ ಏನೋ ಇದ್ದ ಹಾಗಿದೆ. ಅಷ್ಟು ಕೆಳಗೆ ನನ್ನ ಮೂಗು ಬಗ್ಗೋದಿಲ್ಲ. ಇದು ಚಿರತೆಯದೋ!"

"ತಾಳಪ್ಪ ಗಾಳಿಯಣ್ಣ, ಅವಸರ ಮಾಡಬೇಡ," ಅಂದಳು ಕಾಟವ್ವ. "ಬೂದ, ಎತ್ತರ ಬೇಕಂತೆ ಕಣೋ."

ಬೂದ ನೆಗೆದು ಹೊಯ್ಯಲು ನೋಡಿತು. ಉಚ್ಚೆ ಕಾಟವ್ವನ ಕಾಲ ಮೇಲೆ ಬಿತ್ತು. ಮುಂಗಾಲ ಮೇಲೆ ನಿಂತು ನೋಡಿತು. ಪಲ್ಟಿ ಹೊಡೆದು ಕಾರೆ ಪೊದೆಯೊಳಗೆ ಬಿತ್ತು. ಮರ ಹತ್ತಲು ನೋಡಿತು. ಅದನ್ನಂತೂ ಹೇಳುವುದೇ ಬೇಡ. ಕೊನೆಗೆ ಮೂರು ಕಾಲ ಮೇಲೆ ನಿಂತು, ನಾಲ್ಕನೆಯದನ್ನು ಮೆಲ್ಲಗೆ ಎತ್ತಿತು. ವಾಲಿತು. ಕಾಟವ್ವ ತನ್ನ ಮೊಣಕಾಲು ಒತ್ತುಕೊಟ್ಟಳು. ನಿಂತಿತು! ಚುರ್ರ್ ಅಂತ ಮರದ ಮೇಲೆ ಎತ್ತರಕ್ಕೆ ಹೋಯಿತು.

ಗಾಳಿ ಮೂಸಿತು. ಇನ್ನೊಂದು ಸಲ ಮೂಸಿತು. "ಇದು... ಇದು ನಾಯಿಯದೋ!"

ಪೊದೆಗಳ ಹಿಂದೆ ಗುಸುಗುಸು ಎದ್ದಿತು.

ಎರಡನೇ ಮರ ನಾಯಿಯದಾಯಿತು. ಮೂರನೆಯದೂ ಆಯಿತು. ಕಾಟವ್ವ ಎಣಿಸಿ ನೋಡಿ, "ಲೇ, ಹೀಗೆ ಸುರಿದರೆ ಐದನೇ ಮರಕ್ಕೇ ಮುಗಿದುಹೋಗುತ್ತೆ. ಒಂದೊಂದಕ್ಕೆ ಎರಡೇ ಹನಿ. ಎರಡೇ!" ಅಂದಳು.

ಬೂದ ನಾಲ್ಕನೇ ಮರಕ್ಕೆ ಎರಡೇ ಹನಿ ಹೊಯ್ದಿತು. ಐದಕ್ಕೆ ಎರಡು. ಆರಕ್ಕೆ ಎರಡು. "ನಾಯಿಯದೋ! ನಾಯಿಯದೋ!" ಅಂತ ಕೂಗುತ್ತಾ ಗಾಳಿ ಹಿಂದೆ ಬಂತು. ಹತ್ತನೇ ಮರದ ಹೊತ್ತಿಗೆ ಮೊಲ ತಲೆ ಎತ್ತಿತ್ತು. ಹದಿಮೂರರ ಹೊತ್ತಿಗೆ ನರಿ ಬಾಲ ಬಿಚ್ಚಿತ್ತು. ಹದಿನಾರನೇ ಮರಕ್ಕೆ ಬೂದ ಕಣ್ಣು ಮುಚ್ಚಿ, ಹಲ್ಲು ಬಿಗಿದು, ಕೊನೆಯ ಎರಡು ಹನಿ ಹೊಯ್ದಿತು.

ಹದಿನೇಳನೆಯದು ಹಳ್ಳದ ದಂಡೆಯ ಹುಣಸೆಮರ. ಅದರ ಬುಡದಲ್ಲಿ ಚಿರತೆ ಕೂತಿತ್ತು. ಮೂಗು ಬಾತಿತ್ತು.

"ಬಾಲ ಮೇಲಿದೆ," ಅಂದಿತು.

"ಇದೆ," ಅಂದಿತು ಬೂದ. ಬಾಲವನ್ನು ಇನ್ನಷ್ಟು ಮೇಲೆತ್ತಿತು.

ಚಿರತೆ ಎದ್ದಿತು. ಕಾಟವ್ವ ಇಬ್ಬರ ನಡುವೆ ಬಂದು ನಿಂತಳು. ಅವಳ ತಲೆಯ ಮೇಲಿನ ಕೊಡ ಒಂದಿಷ್ಟೂ ಅಲುಗಲಿಲ್ಲ.

"ಇನ್ನೊಂದು ಮರ ಇದೆ," ಅಂದಳು. "ಅಲ್ಲೀವರೆಗೂ ತಾಳು. ಗಾಳಿ ಕೂಗೋದಕ್ಕೆ ಮುಂಚೆ ಹಾದಿ ಯಾರದೂ ಅಲ್ಲ. ನೀನು ಗೆದ್ದಿದ್ದೂ ಇದೇ ಕಟ್ಟಳೆಯಿಂದ. ಸೋಲೋದಕ್ಕೆ ಬೇರೆ ಕಟ್ಟಳೆ ಬೇಕಾ?"

ಎಲ್ಲ ಪ್ರಾಣಿಗಳೂ ನೋಡುತ್ತಿದ್ದವು. ಚಿರತೆ ಹಲ್ಲು ಕಡಿದು ಕೂತಿತು. "ಹೊಯ್ಯಲಿ. ಆಮೇಲೆ ತಿಂತೀನಿ."

ಬೂದ ಮುಂದೆ ಹೋಯಿತು. ಕಾಲೆತ್ತಿತು. ಕಾಯಿತು. ಒಂದು ಹನಿಯೂ ಇಲ್ಲ. ಇನ್ನೂ ಎತ್ತರಕ್ಕೆ ಎತ್ತಿತು. ಊಹೂಂ, ಏನೂ ಇಲ್ಲ.

ಚಿರತೆ ಬಾಯಿ ಅಗಲಿಸಿ ನಗತೊಡಗಿತು. "ಬತ್ತಿಹೋಯ್ತಾ? ಬಾವಿ ಬತ್ತಿಹೋಯ್ತಾ?"

ಬೂದನಿಗೆ ಎಂಥ ಸಿಟ್ಟು ಬಂತು ಅಂದರೆ, ಓಡಬೇಕು ಅನ್ನೋದೇ ಮರೆತುಹೋಯಿತು. ಚಿರತೆಗೆ ಬೆನ್ನು ತಿರುಗಿಸಿತು. ಕುಡುಗೋಲಿನಂಥ ಬಾಲವನ್ನು ಅದರ ಮುಖದ ಎದುರೇ ಆಡಿಸಿತು. ಆಮೇಲೆ ಹಿಂಗಾಲಿನಿಂದ ಮಣ್ಣು ಕೆರೆದು ಎರಚಿತು. ಬರ್ರ್! ಬರ್ರ್! ಬರ್ರ್! ಬೂದನ ಪಾದದ ಬೆವರು ಹತ್ತಿದ ಮಣ್ಣು ಮರದ ಮೇಲೆ ಬಿತ್ತು. ಚಿರತೆಯ ಕಣ್ಣಿಗೆ ಬಿತ್ತು. ಮೀಸೆಗೆ, ಕಿವಿಗೆ, ನಗಲೆಂದು ತೆರೆದಿದ್ದ ಬಾಯಿಗೂ ಬಿತ್ತು.

ಗಾಳಿ ಬಂತು. ಹುಣಸೆಮರ ಮೂಸಿತು. "ಇದು ನಾಯಿಯದೋ!" ಅಂತ ಕೂಗಿತು. ಆಮೇಲೆ ಪಾಪ, ಕಣ್ಣಿಲ್ಲದ ಗಾಳಿ, ಚಿರತೆಯನ್ನೂ ಮೀಸೆಯಿಂದ ಕಿವಿಯವರೆಗೆ ಮೂಸಿತು.

"ಇಲ್ಲೊಂದು ಮೋಟು ಮರ ಇದೆ," ಅಂತ ಗಟ್ಟಿಯಾಗಿ ಕೂಗಿತು. "ಇದೂ ನಾಯಿಯದೋ!"

ಮೊದಲು ಗೌಜಲಕ್ಕಿ ನಕ್ಕಿತು. ಆಮೇಲೆ ಮೊಲ ನಕ್ಕಿತು. ನವಿಲು ಬಾಲ ಬಿಚ್ಚಿ ಕುಣಿಯಿತು. ಹಳ್ಳ ನಕ್ಕೂ ನಕ್ಕೂ ದಂಡೆಯ ಮೇಲೆ ಚೆಲ್ಲಿತು. ಬಗ್ಗಿದ್ದ ಬೆನ್ನುಗಳೆಲ್ಲ ನಗುವುದಕ್ಕೋಸ್ಕರ ನೆಟ್ಟಗಾದವು. ಚಿರತೆ ಎಲ್ಲರ ಮುಖ ನೋಡಿತು. ಒಬ್ಬರೂ ತಲೆ ತಗ್ಗಿಸಲಿಲ್ಲ. ಅದು ಸೀನುತ್ತಾ, ಉಗುಳುತ್ತಾ ಕಲ್ಲುಗುಡ್ಡ ಹತ್ತಿ ಮರೆಯಾಯಿತು.

ಕಾಟವ್ವ ಕೊಡ ತುಂಬಿಕೊಂಡಳು. ಬೂದ ಹೊಟ್ಟೆ ತುಂಬ ಕುಡಿದು, ನೀರಿಗೆ ಬಿದ್ದು ಎದ್ದು ಬಂದು, ಅವಳ ಪಕ್ಕದಲ್ಲೇ ಮೈ ಕೊಡವಿತು. ಅವತ್ತು ಅವಳು ಬೈಯಲಿಲ್ಲ.

ಕಥೆ ಇಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಚಿರತೆಗೆ ಹಟ ಜಾಸ್ತಿ. ಮಾರನೇ ದಿನ ಹೋಗಿ ನೋಡಿದರೆ ಎರಡು ಮರದಲ್ಲಿ ಮತ್ತೆ ಅದರದೇ ವಾಸನೆ. ಯಾರೂ ನೋಡದ ಹೊತ್ತಿನಲ್ಲಿ ಕದ್ದು ಬಂದು ಹೋಗಿತ್ತು.

"ಮತ್ತೆ ಬಂದಿದಾನಲ್ಲವ್ವ," ಅಂದಿತು ಬೂದ.

"ಬಂದರೆ ಬರಲಿ," ಅಂದಳು ಕಾಟವ್ವ. "ನಾವೇನು ನಡೆಯೋದು ಬಿಟ್ಟೀವಾ? ಎತ್ತೋ ಕಾಲು!"

ಬೂದ ಕಾಲೆತ್ತಿತು. ತನ್ನ ಮಕ್ಕಳಿಗೆ ಕಲಿಸಿತು. ಆ ಮಕ್ಕಳು ತಮ್ಮ ಮಕ್ಕಳಿಗೆ ಕಲಿಸಿದವು. ಇವತ್ತಿಗೂ ಚಿರತೆಗೆ ನಾಯಿ ಕಂಡರೆ ಉರಿ. ಇವತ್ತಿಗೂ ನಾಯಿ ಹಾದಿ ಬಿಟ್ಟುಕೊಟ್ಟಿಲ್ಲ.

ಅದಕ್ಕೇ ನೀವು ನಿಮ್ಮ ನಾಯಿಯನ್ನು ಹೊಲದ ಕಡೆ ಕರೆದುಕೊಂಡು ಹೋದಾಗ ಅದು ಮರ, ಬಂಡೆ, ಲೈಟುಕಂಬ, ಯಾರದೋ ಮೋಟಾರ್ ಸೈಕಲ್ಲಿನ ಚಕ್ರ, ಎಲ್ಲದರ ಹತ್ತಿರವೂ ನಿಂತು, ಮೂಸಿ, ಕಾಲೆತ್ತಿ, ಎರಡೇ ಹನಿ ಹೊಯ್ದು, ಹಿಂಗಾಲಿನಿಂದ ನಿಮ್ಮ ಮೇಲೇ ಮಣ್ಣು ಎರಚಿದರೆ, ಹಗ್ಗ ಜಗ್ಗಬೇಡಿ, ನೆಟ್ಟಗೆ ನಿಂತು ಕಾಯಿರಿ: ಈ ಹಾದಿಯಲ್ಲಿ ಯಾರೂ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ ಅಂತ ಅದು ಗಾಳಿಗೆ ಹೇಳುತ್ತಿರುತ್ತದೆ.