ಹಸಿ ಚಿಪ್ಪಿನ ರುಚಿ

ತನ್ನದೇ ಮೊಟ್ಟೆ ಒಡೆದು ತಿಂದ ಕೆಂಚಿ ಎಂಬ ಹೇಂಟೆಯನ್ನು ಹಿತ್ತಲಿನ ಕೋಳಿಗಳೆಲ್ಲ ಸುತ್ತುವರಿದವು. ಹುಂಜ ಎದೆಯುಬ್ಬಿಸಿ ಒರಳುಕಲ್ಲಿನ ಮೇಲೆ ನಿಂತಿತು.

“ಕಳ್ಳಿ! ನಿನ್ನ ಹುಟ್ಟೇ ಅಂಥದ್ದು. ನಾನೊಮ್ಮೆ ಕೂಗಿದರೆ ಒಡತಿ ಬಂದು ನೋಡುತ್ತಾಳೆ, ಮಧ್ಯಾಹ್ನಕ್ಕೆ ನೀನು ಸಾರು!”

ಕೆಂಚಿ ಕೆರಳಿತು. “ಹುಟ್ಟಿನ ಮಾತೆತ್ತಬೇಡಿ! ಹೋದ ವರ್ಷ ಹನ್ನೆರಡು ಮೊಟ್ಟೆಗೆ ಕಾವು ಕೂತು ಹನ್ನೆರಡೂ ಮರಿ ಮಾಡಿದವಳು ನಾನು. ಒಂದಕ್ಕಾದರೂ ಕೊಕ್ಕು ತಾಗಿಸಿದೆನಾ? ಈಗ ರಾಗಿ ನಿಲ್ಲಿಸಿ, ದಿನಾ ಲೋಳೆ ಮೆತ್ತಿದ ಹಸಿ ಮೊಟ್ಟೆಚಿಪ್ಪು ಎಸೆಯುತ್ತಾರೆ. ರುಚಿ ಹತ್ತಿಸಿದವರು ಯಾರು?”

“ನಿಜ,” ಎಂದಿತು ಹುಂಜನ ಕಾಲಡಿಯ ಒರಳುಕಲ್ಲು. “ಒಡತಿಯ ಅತ್ತೆ ಚಿಪ್ಪನ್ನು ಒಣಗಿಸಿ, ನನ್ನಲ್ಲಿ ಕುಟ್ಟಿ ಪುಡಿ ಮಾಡಿಯೇ ಹಾಕುತ್ತಿದ್ದಳು. ಆಗ ಇಲ್ಲಿ ಒಂದು ಮೊಟ್ಟೆಯೂ ಒಡೆದಿರಲಿಲ್ಲ.”

“ಏನು ತಿಂದರೇನು? ಮರ್ಯಾದಸ್ಥರು ಕೆಡುವುದಿಲ್ಲ!” ಎನ್ನುತ್ತ ಹುಂಜ ಕೂಗಲು ಕತ್ತೆತ್ತಿತು.

ಆಗಲೇ ಅಡುಗೆಮನೆಯಿಂದ ಹಸಿ ಚಿಪ್ಪುಗಳು ಬಂದು ಬಿದ್ದವು. ಹುಂಜ ಕೂಗನ್ನು ನುಂಗಿ, ಎಲ್ಲರಿಗಿಂತ ಮೊದಲು ಹಾರಿ ಕುಕ್ಕಿತು. ಚಿಪ್ಪು ಮುಗಿಯಿತು, ಆಸೆ ಮುಗಿಯಲಿಲ್ಲ. ಪಕ್ಕದ ಬುಟ್ಟಿಯಲ್ಲಿದ್ದ ಇಡೀ ಮೊಟ್ಟೆಗೂ ಕೊಕ್ಕು ಹಾಕಿಬಿಟ್ಟಿತು.

“ಕೂಗಿ ಸ್ವಾಮಿ, ಕೂಗಿ!” ಎಂದಿತು ಕೆಂಚಿ. “ಒಡತಿ ಬರಲಿ. ಸಾರಿಗೆ ಇಬ್ಬರೂ ಒಟ್ಟಿಗೇ ಹೋಗೋಣ.”

ಹಳದಿ ಮೆತ್ತಿದ ಆ ಕೊಕ್ಕಿನಿಂದ ಅಂದು ಕೂಗೇ ಹೊರಡಲಿಲ್ಲ.